ಸ್ಮಾರ್ಟ್ ಸ್ವಿಚ್ಚಿಗೂ ಹೊಟ್ಟೆ ಉಂಟು: ಥರ್ಮೋಸ್ಟಾಟ್, ನ್ಯೂಟ್ರಲ್ ಮತ್ತು ವಾಪಸ್ ಹೋಗುವ ವಯರಿನ ಕತೆ

ಹೋದ ವರ್ಷ ಜನವರಿಯಲ್ಲಿ ಒಂದಿನ ಸಂಜೆ ನಾಲ್ಕೂವರೆಗೆ ಉಡುಪಿಯ ನಮ್ಮ ಮನೆ ಜಗಲಿಯಲ್ಲಿ ಚಾ ಕುಡೀತಾ ಕೂತಿದ್ದೆ, ಭಾವನ ವಿಡಿಯೋ ಕಾಲ್ ಬಂತು. ಅವರು ಇರೋದು ನ್ಯೂಜೆರ್ಸಿಯಲ್ಲಿ, ಅಲ್ಲಿ ಆಗ ಬೆಳಿಗ್ಗೆ ಆರು ಗಂಟೆ. ಮೈಮೇಲೆ ಎರಡು ಸ್ವೆಟರ್, ಹಿಂದೆ ಅಕ್ಕ ಕಂಬಳಿ ಹೊದ್ದುಕೊಂಡು ನಿಂತಿದ್ಲು. "ಹೀಟರ್ ನಿಂತು ಹೋಗಿದೆ ಮಾರಾಯ, ಗೋಡೆಯಲ್ಲಿರೋ ಥರ್ಮೋಸ್ಟಾಟಿನ ಸ್ಕ್ರೀನ್ ಪೂರ್ತಿ ಕಪ್ಪು, ಎಂತ ಒತ್ತಿದ್ರೂ ಇಲ್ಲ, ಹಾಕಿ ಮೂರು ವಾರ ಆಗಿದೆ ಅಷ್ಟೇ" ಅಂದ್ರು. ಥರ್ಮೋಸ್ಟಾಟ್ ಅಂದ್ರೆ ಮನೆಯ ಚಳಿ ಸೆಖೆ ನೋಡಿ ಹೀಟರನ್ನ ಆನ್ ಆಫ್ ಮಾಡುವ ಡಬ್ಬಿ. ಹಳೇದು 20 ವರ್ಷ ಚೆನ್ನಾಗಿ ಓಡಿತ್ತಂತೆ, ಹೊಸ ಸ್ಮಾರ್ಟ್ ಥರ್ಮೋಸ್ಟಾಟ್ ತಂದು ಅದೇ ಎರಡು ವಯರಿಗೆ ಸಿಕ್ಕಿಸಿದ್ದಾರೆ.

ಅದೇ ವಾರ ನಾನೂ ನಮ್ಮ ಮನೆ ಮೆಟ್ಟಿಲಿನ ಲೈಟಿಗೆ ಒಂದು ಸ್ಮಾರ್ಟ್ ಮಾಡ್ಯೂಲ್, ಅಂದ್ರೆ ಮೊಬೈಲಿಂದ ಲೈಟ್ ಆನ್ ಆಫ್ ಮಾಡುವ ಚಿಕ್ಕ ಡಬ್ಬಿ, ಹಾಕಿದ್ದೆ. ಅಮ್ಮ ರಾತ್ರಿ ಎದ್ದು ಕೆಳಗೆ ಬರುವಾಗ ಸ್ವಿಚ್ ಹುಡುಕೋದು ಬೇಡ ಅಂತ. ಮಾಡ್ಯೂಲಿನ ಚಿಕ್ಕ ದೀಪ ಹೊತ್ತಿತು, ಮೊಬೈಲಲ್ಲಿ ಕಾಣ್ತು, ಲೈಟ್ ಮಾತ್ರ ಮಂದವಾಗಿ ಮಿಣಮಿಣ ಅಂತಿತ್ತು, ಅಮ್ಮ ಮೇಲಿನ ಸ್ವಿಚ್ ಒತ್ತಿದ ಕೂಡ್ಲೇ ಮಾಡ್ಯೂಲೇ ಸತ್ತು ಹೋಯ್ತು. ಎರಡು ದಿನ ವೈಫೈ, ಪಾಸ್‌ವರ್ಡ್, ಆ್ಯಪ್ ಅಪ್‌ಡೇಟ್ ಅಂತ ಸುತ್ತಾಡಿದ ಮೇಲೆ ಗೊತ್ತಾಯ್ತು, ಭಾವನ ಮನೆದೂ ನಮ್ಮ ಮನೆದೂ ಒಂದೇ ಕಾಯಿಲೆ. ಇಂಥ ಸಾಮಾನು ಹಾಕಿದವರು ಹತ್ತರಲ್ಲಿ ಒಂಬತ್ತು ಜನ ಮೊದಲು ಡಬ್ಬಿಯನ್ನ ಬೈತಾರೆ ಅಥವಾ ವೈಫೈಯನ್ನ ಬೈತಾರೆ, ಅದಕ್ಕೆ ಊಟ ಸಿಗ್ತಾ ಉಂಟಾ ಅಂತ ಯಾರೂ ನೋಡೋದಿಲ್ಲ, ಅದನ್ನೇ ಸ್ವಲ್ಪ ಬಿಡಿಸಿ ಹೇಳ್ಬೇಕು ಅಂತ ಕೂತಿದ್ದೇನೆ.

ಹಳೇ ಸ್ವಿಚ್ ಅಂದ್ರೆ ತೋಟದ ದಣಪೆ ಇದ್ದ ಹಾಗೆ. ತೆಗೆದ್ರೆ ದಾರಿ, ಹಾಕಿದ್ರೆ ದಾರಿ ಇಲ್ಲ, ಅದಕ್ಕೆ ಸ್ವಂತ ಖರ್ಚು ಅಂತ ಏನೂ ಇಲ್ಲ. ಅಮೆರಿಕದ ಹಳೇ ಥರ್ಮೋಸ್ಟಾಟೂ ಅಷ್ಟೇ, ಒಳಗೆ ಸುರುಳಿ ಸುತ್ತಿದ ಒಂದು ಲೋಹದ ಪಟ್ಟಿ, ಅದರ ತುದಿಗೆ ಪಾದರಸದ ಸಣ್ಣ ಗಾಜಿನ ಗುಳ್ಳೆ. ಚಳಿಗೆ ಸುರುಳಿ ಬಾಗ್ತದೆ, ಗುಳ್ಳೆ ವಾಲ್ತದೆ, ಪಾದರಸ ಹರಿದು ಎರಡು ತಂತಿ ಸೇರಿಸ್ತದೆ, ಹೀಟರ್ ಆನ್. ಸ್ಮಾರ್ಟ್ ಆದದ್ದು ಹಾಗಲ್ಲ. ದಣಪೆ ಪಕ್ಕದಲ್ಲಿ ಒಬ್ಬ ಕಾವಲಿನವನನ್ನ ಕೂರಿಸಿದ ಹಾಗೆ, ಅವನು 24 ಗಂಟೆ ಎಚ್ಚರ ಇರ್ಬೇಕು, ವೈಫೈ ಹಿಡ್ಕೊಂಡಿರ್ಬೇಕು, ಸ್ಕ್ರೀನ್ ತೋರಿಸ್ಬೇಕು, ಅವನಿಗೆ ದಿನಾ ಊಟ ಬೇಕೇ ಬೇಕು. ಕರೆಂಟಿನ ಊಟ ಅಂದ್ರೆ ಒಂದು ವಯರಲ್ಲಿ ಬಂದು ಇನ್ನೊಂದರಲ್ಲಿ ವಾಪಸ್ ಹೋಗ್ಬೇಕು. ಬರುವ ವಯರ್ ಮಾತ್ರ ಇದ್ದು ಹೋಗುವ ವಯರ್ ಇಲ್ಲದಿದ್ರೆ ಎಷ್ಟು ದುಡ್ಡಿನ ಮಾಡ್ಯೂಲ್ ತಂದರೂ ಉಪವಾಸವೇ.

ವಾಪಸ್ ವಯರ್ ಇಲ್ಲದ ಕಡೆ ಇವು ಒಂದು ಉಪಾಯ ಮಾಡ್ತವೆ. ಲೈಟ್ ಆಫ್ ಇದ್ದಾಗ ಆ ಲೈಟಿನ ಒಳಗಿಂದಲೇ ಒಂಚೂರು ಕರೆಂಟ್ ಹರಿಸಿಕೊಂಡು ಹೊಟ್ಟೆ ತುಂಬಿಸಿಕೊಳ್ತವೆ. ಹಳೇ 60 ವ್ಯಾಟ್ ಬಲ್ಬ್ ಆದ್ರೆ ಅಷ್ಟು ಕರೆಂಟಿಗೆ ಅದು ಬಿಸಿಯೂ ಆಗೋದಿಲ್ಲ, ಯಾರಿಗೂ ಗೊತ್ತಾಗೋದಿಲ್ಲ. ಈಗಿನ 9 ವ್ಯಾಟಿನ ಎಲ್‌ಇಡಿಗೆ ಹಾಗಲ್ಲ, ಅದರ ಒಳಗಿನ ಡ್ರೈವರ್ ಸರ್ಕ್ಯೂಟಿನಲ್ಲಿ ಕರೆಂಟ್ ಕೂಡಿಟ್ಟುಕೊಳ್ಳುವ ಒಂದು ಕೆಪಾಸಿಟರ್ ಇರ್ತದೆ, ಆ ಚೂರು ಕರೆಂಟ್ ಅದರಲ್ಲಿ ತುಂಬ್ತಾ ಬಂದು ತುಂಬಿದ ಕೂಡ್ಲೇ ಮಿಣ್ಣಂತ ಒಮ್ಮೆ ಹೊತ್ತಿ ಆರ್ತದೆ, ಪುನಃ ತುಂಬ್ತದೆ, ಪುನಃ ಮಿಣ್ಣ್. ಆಫ್ ಮಾಡಿದ ಲೈಟ್ ರಾತ್ರಿಯಿಡೀ ಮಿಣುಕುವುದು ಇದಕ್ಕೇ. ಇನ್ನು ಲೈಟ್ ಆನ್ ಆದಾಗ ಬೇರೆ ಕಷ್ಟ: ಸ್ವಿಚ್ ಪೂರ್ತಿ ಆನ್ ಆದಾಗ ಅದರ ಎರಡು ತುದಿ ನಡುವೆ ವೋಲ್ಟೇಜೇ ಇರೋದಿಲ್ಲ, ಎಲ್ಲ ಲೈಟಿನ ಮೇಲೆ ಹೋಗ್ತದೆ. ಆಗ ಕಾವಲಿನವನು ಎಂತ ತಿನ್ನುವುದು? ಅದಕ್ಕೆ ಅದು ಕ್ಷಣ ಕ್ಷಣಕ್ಕೂ ದಣಪೆಯನ್ನ ಕಣ್ಣಿಗೆ ಕಾಣದಷ್ಟು ಹೊತ್ತು ಮುಚ್ಚಿ ತೆರೆದು ತನ್ನ ಪಾಲು ತಗೊಳ್ತದೆ. ನಡೀತದೆ, ಆದ್ರೆ ಅಂಚಿನ ಮೇಲೆ ನಡೀತದೆ.

ಭಾವನ ಥರ್ಮೋಸ್ಟಾಟಲ್ಲೂ ಇದೇ ಆದದ್ದು. ಅಲ್ಲಿ ಗೋಡೆಗೆ ಬರುವುದು ನಮ್ಮ ಹಾಗೆ 230 ವೋಲ್ಟ್ ಅಲ್ಲ, ಹೀಟರಿನ ಯಂತ್ರದೊಳಗೆ ಒಂದು ಟ್ರಾನ್ಸ್‌ಫಾರ್ಮರ್ ಇರ್ತದೆ, ಅದು ಮೇನ್ ಕರೆಂಟನ್ನ 24 ವೋಲ್ಟಿಗೆ ಇಳಿಸ್ತದೆ. ಅದರ ಒಂದು ತುದಿ ಗೋಡೆಗೆ ಬರೋದು ಆರ್ ಅನ್ನೋ ವಯರಲ್ಲಿ. ಥರ್ಮೋಸ್ಟಾಟ್ ಆ ಆರ್‌ ಅನ್ನು ಡಬ್ಲ್ಯೂಗೆ ಸೇರಿಸಿದ್ರೆ ಹೀಟರ್, ವೈಗೆ ಸೇರಿಸಿದ್ರೆ ಎಸಿ, ಜಿಗೆ ಸೇರಿಸಿದ್ರೆ ಫ್ಯಾನ್. ಟ್ರಾನ್ಸ್‌ಫಾರ್ಮರಿನ ಇನ್ನೊಂದು ತುದಿ ಸಿ, ಅಂದ್ರೆ ಕಾಮನ್, ಅದೇ ವಾಪಸ್ ವಯರ್. ಹಳೇ ಥರ್ಮೋಸ್ಟಾಟಿಗೆ ಸಿ ಬೇಕಿರಲಿಲ್ಲ, ಹಾಗಾಗಿ ಹಳೇ ಮನೆಗಳಲ್ಲಿ ಆರ್ ಮತ್ತು ಡಬ್ಲ್ಯೂ ಎರಡೇ ವಯರ್ ಸಿಕ್ಕಿಸಿರ್ತಾರೆ. ಸ್ಮಾರ್ಟ್ ಆದದ್ದು ಹೀಟರಿನ ರಿಲೇ, ಅಂದ್ರೆ ಕರೆಂಟಿನಿಂದಲೇ ಆನ್ ಆಗುವ ಸ್ವಿಚ್, ಅದರ ಕಾಯಿಲಿನ ಮೂಲಕ ಚೂರು ಚೂರು ಕರೆಂಟ್ ಎಳೆದು ತನ್ನ ಬ್ಯಾಟರಿ ಚಾರ್ಜ್ ಮಾಡ್ಕೊಳ್ತದೆ, ಕೆಲವು ಮನೆಯಲ್ಲಿ ಅಷ್ಟಕ್ಕೇ ರಿಲೇ ಟಿಕ್ ಟಿಕ್ ಅಂತ ಬಡ್ಕೊಳ್ತದೆ. ಕೊರೆಯುವ ಚಳಿಯಲ್ಲಿ ಹೀಟರ್ ಗಂಟೆಗಟ್ಲೆ ಓಡುವಾಗ ಖರ್ಚಾದಷ್ಟು ಜಮೆ ಆಗೋದಿಲ್ಲ, ಬ್ಯಾಟರಿ ಇಳೀತಾ ಇಳೀತಾ ಒಂದಿನ ಬೆಳಿಗ್ಗೆ ಕಪ್ಪು. ಹಾಗಾಗಿ ಹಾಕಿದ ದಿನ ಸರಿ ಇತ್ತು, ಮೂರು ವಾರ ಸರಿ ಇತ್ತು, ಆಮೇಲೆ ಹೋಯ್ತು ಅನ್ನುವವರ ಮನೆಯಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಸಿ ವಯರ್ ಇಲ್ಲದ್ದರ ಬಗ್ಗೆ.

ಭಾವನ ಹತ್ರ ಮೊದಲು ಹೀಟರಿನ ಕರೆಂಟ್ ಕಡಿಯುವ ಬ್ರೇಕರ್ ಆಫ್ ಮಾಡಿಸಿದೆ, ಆಮೇಲೆ ಮುಂದಿನ ಮುಖ ಎಳೆದು ತೆಗೀಲಿಕ್ಕೆ ಹೇಳಿದೆ. ಅದರ ಹಿಂದೆ ಚಾರ್ಜ್ ಮಾಡುವ ತೂತು ಇತ್ತು, ಅಕ್ಕ ಹಳೇ ಮೊಬೈಲ್ ಕೇಬಲ್ ತಂದು ಸಿಕ್ಕಿಸಿದ್ಲು, ಹತ್ತು ನಿಮಿಷದಲ್ಲಿ ಸ್ಕ್ರೀನ್ ಬಂತು. ಅಂದ್ರೆ ಡಬ್ಬಿ ಸರಿ ಉಂಟು, ಹಸಿವಷ್ಟೇ. ಆಮೇಲೆ ಗೋಡೆಯ ಪ್ಲೇಟ್ ತೆಗೆಸಿ ಮೊಬೈಲ್ ಟಾರ್ಚ್ ಹಾಕಿ ತೂತಿನೊಳಗೆ ನೋಡ್ಲಿಕ್ಕೆ ಹೇಳಿದೆ. ಬಿಳಿ ಮತ್ತು ಕೆಂಪು ವಯರ್ ಹೊರಗೆ ಬಂದಿತ್ತು, ಅದೇ ಕೇಬಲ್ಲಿನ ಬುಡಕ್ಕೆ ಇನ್ನೊಂದು ನೀಲಿ ವಯರ್, ಮೂರ್ನಾಲ್ಕು ಸುತ್ತು ಹಿಂದಕ್ಕೆ ಸುತ್ತಿ ಗೋಡೆಯೊಳಗೆ ತುರುಕಿದ್ರು, ಅದರ ತುದಿ ಸುಲಿದೂ ಇರಲಿಲ್ಲ. ಎಷ್ಟೋ ಮನೆಯಲ್ಲಿ ಹೀಗೇ, ವಯರ್ ಎಳೆದವನು ಒಂದೆರಡು ಎಳೆ ಜಾಸ್ತಿ ಇರುವ ಕೇಬಲ್ಲೇ ಹಾಕಿರ್ತಾನೆ. ಕೆಳಗೆ ಹೀಟರಿನ ಹತ್ರ ಹೋಗಿ ನೋಡಿದ್ರೆ ಅಲ್ಲೂ ನೀಲಿ ವಯರಿನ ಇನ್ನೊಂದು ತುದಿ ಹಾಗೇ ಸುತ್ತಿಟ್ಟಿತ್ತು. ಅದನ್ನ ಬೋರ್ಡಿನ ಸಿ ಸ್ಕ್ರೂಗೆ, ಮೇಲಿನದ್ದನ್ನ ಥರ್ಮೋಸ್ಟಾಟಿನ ಸಿಗೆ. ಪುನಃ ಬ್ರೇಕರ್ ಹಾಕಿ ಮಲ್ಟಿಮೀಟರನ್ನ ಎಸಿ ವೋಲ್ಟಲ್ಲಿಟ್ಟು ಆರ್ ಮತ್ತು ಸಿ ನಡುವೆ ಅಳೆದಾಗ 26 ಚಿಲ್ಲರೆ ಬಂತು. 24ರಿಂದ 28ರ ಒಳಗಿದ್ರೆ ಸಾಕು. ಒಂದು ಮಾತು, ಬಣ್ಣ ನಂಬ್ಬೇಡಿ, ನೀಲಿ ಅಂದ ಕೂಡ್ಲೇ ಸಿ ಅಲ್ಲ, ಎರಡೂ ತುದಿಯಲ್ಲಿ ಅದು ಯಾವ ಸ್ಕ್ರೂಗೆ ಹೋಗಿದೆ ಅಂತ ಕಣ್ಣಾರೆ ನೋಡ್ಬೇಕು, ಬಿಚ್ಚುವ ಮುಂಚೆ ಒಂದು ಫೋಟೋ ತಗೊಳ್ಬೇಕು.

ಸಿ ಇದ್ದೂ ಸ್ಕ್ರೀನ್ ಕಪ್ಪಾದ್ರೆ ಅಲ್ಲಿ ಬೇರೆ ಕಾರಣಗಳುಂಟು. ಬ್ರೇಕರ್ ಹಾಕಿಯೇ ವಯರ್ ಮುಟ್ಟಿ ಆರ್ ಸಿಗೆ ತಾಗಿದ್ರೆ ಬೋರ್ಡಿನಲ್ಲಿರುವ 3 ಅಥವಾ 5 ಆಂಪಿಯರಿನ, ಕಾರಲ್ಲಿ ಇರ್ತದಲ್ಲ ಆ ಥರದ ಪುಟ್ಟ ಫ್ಯೂಸ್ ಹೋಗಿರ್ತದೆ. ಹೀಟರಿನ ಬಾಗಿಲು ಸರಿ ಕೂರದಿದ್ರೂ ಅಷ್ಟೇ, ಅಲ್ಲೊಂದು ಸೇಫ್ಟಿ ಸ್ವಿಚ್ ಇರ್ತದೆ. ಬೇಸಿಗೆಯಲ್ಲಿ ಎಸಿ ನೀರು ಹೋಗುವ ಪೈಪಿಗೆ ಪಾಚಿ ಕಟ್ಟಿ ಟ್ರೇ ತುಂಬಿದ್ರೆ ಅದರ ತೇಲುವ ಸ್ವಿಚ್ ಎದ್ದು 24 ವೋಲ್ಟನ್ನೇ ಕಡಿದು ಹಾಕ್ತದೆ, ಜನ ಥರ್ಮೋಸ್ಟಾಟ್ ಹಾಳಾಯ್ತು ಅಂತ ಹೊಸತು ತರ್ತಾರೆ, ಆಗಬೇಕಾದದ್ದು ಪೈಪ್ ಊದಿ ಸ್ವಚ್ಛ ಮಾಡುವ ಕೆಲಸ.

ಇಲ್ಲಿ ನಮ್ಮ ಮಂಗಳೂರು ಉಡುಪಿಯವರಿಗೆ ಒಂದು ಎಚ್ಚರ ಹೇಳ್ಲೇಬೇಕು, ಯಾಕಂದ್ರೆ ನಮ್ಮಲ್ಲಿ ಮನೆಗೊಬ್ರು ದುಬೈ, ದೋಹಾ, ಕುವೈತ್‌ನಲ್ಲಿ ಇರ್ತಾರೆ. ಅಮೆರಿಕದ ನೆಂಟರು ಕೊಟ್ಟ ಥರ್ಮೋಸ್ಟಾಟನ್ನ ಗಲ್ಫಿನ ಫ್ಲಾಟಿನ ಗೋಡೆಗೆ ಹಾಕಲೇಬೇಡಿ. ಅಲ್ಲಿ ಎಷ್ಟೋ ಕಟ್ಟಡಗಳಲ್ಲಿ ತಣ್ಣೀರು ಪೈಪಲ್ಲಿ ಬಂದು ಫ್ಯಾನ್ ಕಾಯಿಲ್ ಯೂನಿಟ್ಟಿಗೆ, ಅಂದ್ರೆ ತಣ್ಣೀರಿನ ಸುರುಳಿ ಮೇಲೆ ಗಾಳಿ ಬೀಸಿ ರೂಮ್ ತಂಪು ಮಾಡುವ ಪೆಟ್ಟಿಗೆಗೆ, ಹೋಗ್ತದೆ, ಗೋಡೆಯ ಥರ್ಮೋಸ್ಟಾಟಿಗೆ ಬರುವುದು ನೇರ 230 ವೋಲ್ಟ್, ಫೇಸ್ (ಕರೆಂಟ್ ಬರುವ ವಯರ್), ನ್ಯೂಟ್ರಲ್ (ವಾಪಸ್ ವಯರ್), ಫ್ಯಾನಿನ ಮೂರು ಸ್ಪೀಡಿಗೆ ಮೂರು ವಯರ್, ನೀರಿನ ವಾಲ್ವಿಗೊಂದು. 24 ವೋಲ್ಟಿನದ್ದನ್ನ ಅಲ್ಲಿ ಸಿಕ್ಕಿಸಿದ್ರೆ ಸುಟ್ಟು ಹೋಗ್ತದೆ, ಕೈಯೂ ಸುಡಬಹುದು. ಊರಿಗೆ ತಂದ್ರೂ ಉಪಯೋಗ ಇಲ್ಲ, ನಮ್ಮ ಸ್ಪ್ಲಿಟ್ ಎಸಿಗೆ ಥರ್ಮೋಸ್ಟಾಟ್ ಒಳಗೇ ಉಂಟು, ಅದು ಕೇಳೋದು ರಿಮೋಟಿನ ಮಾತನ್ನ ಮಾತ್ರ. ಎಸಿ ಸ್ಮಾರ್ಟ್ ಮಾಡ್ಬೇಕಾದ್ರೆ ರಿಮೋಟಿನ ಹಾಗೆ ಸಿಗ್ನಲ್ ಬಿಡುವ ಚಿಕ್ಕ ಡಬ್ಬಿ ಸಾಕು, ಅದಕ್ಕೆ ವಯರಿಂಗಿನ ತಲೆಬಿಸಿಯೂ ಇಲ್ಲ.

ಈಗ ನಮ್ಮ ಮನೆಗೆ ಬರುವ. ನಮ್ಮಲ್ಲಿ ಸಿ ವಯರಿನ ಜಾಗದಲ್ಲಿರೋದು ನ್ಯೂಟ್ರಲ್. ನಿಮ್ಮ ಸ್ವಿಚ್ ಬೋರ್ಡಲ್ಲಿ ನ್ಯೂಟ್ರಲ್ ಉಂಟಾ ಅಂತ ತಿಳೀಲಿಕ್ಕೆ ಬೋರ್ಡ್ ಬಿಚ್ಚುವ ಮುಂಚೆಯೇ ಒಂದು ಗುರ್ತು ಇದೆ, ಆ ಬೋರ್ಡಲ್ಲಿ ಮೊಬೈಲ್ ಚಾರ್ಜಿಗೆ ಹಾಕುವ ಸಾಕೆಟ್ ಇದ್ರೆ ನ್ಯೂಟ್ರಲ್ ಬಂದಿರ್ಲೇಬೇಕು, ಸಾಕೆಟ್ ಅದಿಲ್ಲದೆ ಕೆಲಸ ಮಾಡೋದಿಲ್ಲ. ಕಷ್ಟ ಬರೋದು ಒಂದೇ ಸ್ವಿಚ್ ಇರುವ ಕಡೆ: ಮೆಟ್ಟಿಲು, ಸಿಟೌಟ್, ಬಾತ್‌ರೂಮಿನ ಹೊರಗಿನ ಸ್ವಿಚ್. ಅಲ್ಲಿ ನ್ಯೂಟ್ರಲ್ ಮೇಲಿನ ಜಂಕ್ಷನ್ ಬಾಕ್ಸಿಂದ ನೇರ ಲೈಟಿಗೆ ಹೋಗಿರ್ತದೆ, ಸ್ವಿಚ್ಚಿಗೆ ಇಳಿದು ಬರೋದು ಫೇಸ್ ಮತ್ತು ಅಲ್ಲಿಂದ ಲೈಟಿಗೆ ಹೋಗುವ ಫೇಸಿನ ಮುಂದುವರಿಕೆ ಅಷ್ಟೇ.

ಒಂದೇ ಲೈಟನ್ನ ಮೇಲಿಂದಲೂ ಕೆಳಗಿಂದಲೂ ಹಾಕುವ ಮೆಟ್ಟಿಲಿನ ಟೂ-ವೇ ಸ್ವಿಚ್ಚಿದ್ದು ಇನ್ನೂ ದೊಡ್ಡ ಮೋಸ. ನಾನು ಕೆಳಗಿನ ಬಾಕ್ಸ್ ಬಿಚ್ಚಿದಾಗ ಮೂರು ವಯರ್ ಇತ್ತು, ಎರಡು ಕೆಂಪು, ಒಂದು ಕಪ್ಪು. ಕಪ್ಪು ಅಂದ್ರೆ ನ್ಯೂಟ್ರಲ್ ಅಂತ ಮಾಡ್ಯೂಲಿಗೆ ಕೊಟ್ಟೆ. ಆದ್ರೆ ಟೂ-ವೇಯಲ್ಲಿ ಕೆಳಗಿನ ಸ್ವಿಚ್ಚಿಂದ ಮೇಲಿನ ಸ್ವಿಚ್ಚಿಗೆ ಎರಡು ವಯರ್ ಹೋಗ್ತವೆ, ಅದರಲ್ಲಿ ಒಂದಕ್ಕೆ ವಯರಿಂಗ್ ಮಾಡಿದವರು ಕೈಗೆ ಸಿಕ್ಕಿದ ಕಪ್ಪು ಹಾಕಿದ್ರು. ಮೇಲಿನ ಸ್ವಿಚ್ ಒಂದು ಬದಿಗಿದ್ದಾಗ ಆ ಕಪ್ಪು ವಯರ್ ಲೈಟಿನ ಮೂಲಕ ಹೋಗಿ ನಿಜವಾದ ನ್ಯೂಟ್ರಲ್ ಮುಟ್ಟುತ್ತಿತ್ತು, ಮಾಡ್ಯೂಲ್ ಲೈಟಿನ ಜೊತೆ ಸಾಲಲ್ಲಿ ಸೇರಿ ಅರೆಹೊಟ್ಟೆಯಲ್ಲಿ ಬದುಕಿತ್ತು, ಲೈಟ್ ಮಿಣಮಿಣ. ಅಮ್ಮ ಮೇಲೆ ಸ್ವಿಚ್ ಒತ್ತಿದಾಗ ಆ ದಾರಿ ಕಡಿದು ಹೋಗ್ತಿತ್ತು, ಮಾಡ್ಯೂಲ್ ಸಾಯ್ತಿತ್ತು. ಬೇರೆ ಎಲ್ಲೋ ಒಂದು ಸ್ವಿಚ್ ಒತ್ತಿದಾಗ ನಿಮ್ಮ ಸ್ಮಾರ್ಟ್ ಸಾಮಾನು ಬದುಕುವುದು ಸಾಯುವುದು ಮಾಡ್ತಾ ಇದ್ರೆ, ನೀವು ನ್ಯೂಟ್ರಲ್ ಅಂದ್ಕೊಂಡದ್ದು ನ್ಯೂಟ್ರಲ್ ಅಲ್ಲ.

ಇದನ್ನ ಹಿಡೀಲಿಕ್ಕೆ ನಮ್ಮ ಸ್ಕ್ರೂಡ್ರೈವರ್ ಟೆಸ್ಟರ್ ಸಾಲದು. ಅದು ಇಲ್ಲಿ ಕರೆಂಟ್ ಉಂಟು ಅಂತ ಹೇಳ್ತದೆ, ಅದೂ ಫೇಸಲ್ಲಿ ಮಾತ್ರ, ನ್ಯೂಟ್ರಲ್ ಗಟ್ಟಿ ಉಂಟಾ ಇಲ್ಲವಾ ಅಂತ ಅದಕ್ಕೆ ಗೊತ್ತಿಲ್ಲ. ಒಂದು ವಿಷಯದಲ್ಲಿ ಮಾತ್ರ ಅದು ಚೆನ್ನಾಗಿ ಸಾಕ್ಷಿ ಹೇಳ್ತದೆ, ಲೈಟ್ ಆನ್ ಇಟ್ಟು ನ್ಯೂಟ್ರಲ್ ಮುಟ್ಟಿದಾಗಲೂ ಟೆಸ್ಟರ್ ಉರಿದ್ರೆ ನ್ಯೂಟ್ರಲ್ ಎಲ್ಲೋ ಕಡಿದಿದೆ, ಲೈಟಿನ ಒಳಗಿಂದ ಬಂದ ಫೇಸೇ ಅಲ್ಲಿ ನಿಂತಿದೆ ಅಂತ ಅರ್ಥ. ಮಲ್ಟಿಮೀಟರ್ ಇದ್ರೆ ಫೇಸ್ ನ್ಯೂಟ್ರಲ್ ನಡುವೆ 230ರ ಆಸುಪಾಸು, ನ್ಯೂಟ್ರಲ್ ಅರ್ತ್ ನಡುವೆ ಎರಡು ಮೂರು ವೋಲ್ಟ್ ಬರ್ಬೇಕು, ಅದು ಹತ್ತಿಪ್ಪತ್ತು ದಾಟಿದ್ರೆ ನ್ಯೂಟ್ರಲ್ ಎಲ್ಲೋ ಲೂಸ್ ಇರಬಹುದು. ಇದನ್ನ ಫ್ಯಾನೋ ಇಸ್ತ್ರಿಪೆಟ್ಟಿಗೆಯೋ ಆನ್ ಇಟ್ಟೇ ಅಳೀಬೇಕು, ಲೋಡ್ ಇಲ್ಲದಾಗ ಲೂಸ್ ವಯರೂ ಒಳ್ಳೇದಾಗಿಯೇ ಕಾಣ್ತದೆ. ಇನ್ನೊಂದು, ಎಲ್ಲಿಗೂ ಕನೆಕ್ಟ್ ಆಗದ ವಯರಲ್ಲೂ ಡಿಜಿಟಲ್ ಮೀಟರ್ 60, 80 ವೋಲ್ಟ್ ತೋರಿಸೋದುಂಟು, ಪಕ್ಕದಲ್ಲಿ ಓಡುವ ಫೇಸ್ ವಯರಿನ ಪ್ರಭಾವ ಅದು. ಹಳೇ ಇಲೆಕ್ಟ್ರಿಶಿಯನ್ನರು ಅದಕ್ಕೇ ಹೋಲ್ಡರಿಗೆ ಎರಡು ವಯರ್ ಕಟ್ಟಿದ ಟೆಸ್ಟ್ ಲ್ಯಾಂಪ್ ಬ್ಯಾಗಲ್ಲಿ ಇಟ್ಕೊಂಡಿರ್ತಾರೆ, ಫಿಲಮೆಂಟ್ ಬಲ್ಬ್ ಪೂರ್ತಿ ಉರಿದ್ರೆ ಮಾತ್ರ ಅದು ಕರೆಂಟು. ಈ ಅಳತೆಗಳನ್ನ ಅಭ್ಯಾಸ ಇರುವವರು ಮಾಡ್ಲಿ, ಬಿಚ್ಚುವ ಕಟ್ಟುವ ಕೆಲಸ ಏನಿದ್ರೂ ಎಂಸಿಬಿ, ಅಂದ್ರೆ ಆ ಸರ್ಕ್ಯೂಟಿನ ಕರೆಂಟ್ ಕಡಿಯುವ ಸ್ವಿಚ್, ಇಳಿಸಿಯೇ.

ನನ್ನ ಕತೆ ಕೇಳಿ ಗೆಳೆಯನೊಬ್ಬ ಸುಲಭದ ದಾರಿ ಹೇಳಿದ, "ಅರ್ತ್ ವಯರ್ ಉಂಟಲ್ವಾ, ಅದನ್ನೇ ನ್ಯೂಟ್ರಲ್‌ಗೆ ಕೊಡು, ಓಡ್ತದೆ". ಓಡ್ತದೆ, ನಿಜ. ಆದ್ರೆ ದಯವಿಟ್ಟು ಮಾಡ್ಬೇಡಿ, ಮಾಡಿದ್ರೆ ಇವತ್ತೇ ತೆಗೆಸಿ. ಮನೆಯ ಡಿಬಿಯಲ್ಲಿ, ಅಂದ್ರೆ ಎಂಸಿಬಿಗಳಿರುವ ಪೆಟ್ಟಿಗೆಯಲ್ಲಿ, ಕರೆಂಟ್ ಸೋರಿದ ಕೂಡ್ಲೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ರೆ ಅದು ಇಂದಲ್ಲ ನಾಳೆ ಟ್ರಿಪ್ ಆಗ್ತದೆ, ಜನ ಕಿರಿಕಿರಿ ಅಂತ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸ್ತಾರೆ, ಅಲ್ಲಿಗೆ ಮನೆಯ ರಕ್ಷಣೆ ಮುಗೀತು. ಆರ್‌ಸಿಸಿಬಿ ಇಲ್ಲದ ಹಳೇ ಮನೆಯಲ್ಲಂತೂ ಏನೂ ಗೊತ್ತಾಗೋದೇ ಇಲ್ಲ. ನಮ್ಮ ಮುರಕಲ್ಲಿನ ನೆಲದಲ್ಲಿ ಏಪ್ರಿಲ್ ಮೇ ಬಂತಂದ್ರೆ ಅರ್ತ್ ಗುಂಡಿ ಒಣಗಿ ಕಲ್ಲಾಗಿರ್ತದೆ, ಅರ್ತಿಂಗ್ ವಯರ್ ಎಲ್ಲೋ ಕಡಿದಿದ್ರೆ ಅಥವಾ ಗುಂಡಿ ಒಣಗಿದ್ರೆ ಆ ಮಾಡ್ಯೂಲಿನ ಮೂಲಕ ಬಂದ ಕರೆಂಟ್ ಫ್ರಿಜ್ಜಿನ ಮೈಗೆ, ವಾಷಿಂಗ್ ಮೆಷಿನಿನ ಮೈಗೆ, ಗೀಸರಿನ ನಳ್ಳಿಗೆ ಬರ್ತದೆ. ಮೆಟ್ಟಿಲಿನ ಲೈಟಿಗೋಸ್ಕರ ಬಾತ್‌ರೂಮಿನ ನಳ್ಳಿಯಲ್ಲಿ ಶಾಕ್. ಪಕ್ಕದ ರೂಮಿನ ನ್ಯೂಟ್ರಲ್ ಸಾಲ ತರೋದೂ ಸರಿಯಲ್ಲ, ಒಂದು ಎಂಸಿಬಿ ಇಳಿಸಿ ಕೆಲಸ ಮಾಡ್ತಿರುವವನ ಕೈಗೆ ಇನ್ನೊಂದು ಸರ್ಕ್ಯೂಟಿನ ಕರೆಂಟ್ ಬರ್ತದೆ, ಇನ್ವರ್ಟರ್ ಇರುವ ಮನೆಯಲ್ಲಿ ಹೀಗೆ ಸೇರಿಸಿದ ನ್ಯೂಟ್ರಲ್ಲೇ ಎಷ್ಟೋ ಟ್ರಿಪ್ಪಿಂಗಿಗೆ ಕಾರಣ.

ನ್ಯೂಟ್ರಲ್ ಎಳೀಲಿಕ್ಕೆ ಆಗೋದೇ ಇಲ್ಲ ಅಂದ್ರೆ ನೋ-ನ್ಯೂಟ್ರಲ್ ಅಂತಲೇ ಮಾಡಿದ ಸ್ವಿಚ್ ತಗೊಂಡು, ಅದರ ಜೊತೆ ಬರುವ ಬೈಪಾಸ್ ಕೆಪಾಸಿಟರನ್ನ ಲೈಟಿನ ಹೋಲ್ಡರಿಗೆ ಸಮಾನಾಂತರವಾಗಿ ಹಾಕಿಸಿ, ಆ ಚೂರು ಕರೆಂಟ್ ಲೈಟಿನ ಬದಲು ಅದರ ಮೂಲಕ ಹೋಗ್ತದೆ, ಮಿಣುಕುವುದು ನಿಲ್ತದೆ.

ಮಲ್ಪೆಯಲ್ಲಿ ಚಿಕ್ಕಮ್ಮನ ಮನೆ ಸಮುದ್ರಕ್ಕೆ ನಾಲ್ಕು ಹೆಜ್ಜೆ. ಅವರ ಗೀಸರಿನ ಸ್ಮಾರ್ಟ್ ಸ್ವಿಚ್ ಗೀಸರ್ ಆನ್ ಆದ ಕೂಡ್ಲೇ ಆಫ್‌ಲೈನ್ ಹೋಗಿ ಎರಡು ನಿಮಿಷಕ್ಕೆ ವಾಪಸ್ ಬರ್ತಿತ್ತು. ಲೋಡ್ ಬಿದ್ದಾಗ ಮಾತ್ರ ಸಾಯುವುದು ಅಂದ್ರೆ ವೈಫೈಯ ಕಾಯಿಲೆ ಅಲ್ಲ, ವೋಲ್ಟೇಜ್ ಕುಸೀತಾ ಉಂಟು ಅಂತ. ಬೋರ್ಡ್ ತೆಗೆದಾಗ ಮೊದಲು ಮೂಗಿಗೆ ಸುಟ್ಟ ಮೀನಿನಂಥ ವಾಸನೆ ಬಂತು, ಪ್ಲಾಸ್ಟಿಕ್ ಬಿಸಿಯಾದಾಗ ಬರ್ತದಲ್ಲ, ಅದು. ನ್ಯೂಟ್ರಲ್ ವಯರಿನ ತುದಿ ದೇವರ ಕೋಣೆಯ ತೊಳೆಯದ ತಾಮ್ರದ ತಂಬಿಗೆಯ ಹಾಗೆ ಹಸಿರು ಕಿಲುಬು ಹಿಡಿದಿತ್ತು, ಸ್ಕ್ರೂ ಬೆರಳಲ್ಲೇ ತಿರುಗ್ತಿತ್ತು, ಸುತ್ತಲಿನ ಬಿಳಿ ಪ್ಲಾಸ್ಟಿಕ್ ಚಾ ಬಣ್ಣಕ್ಕೆ ಬಂದಿತ್ತು. 3000 ವ್ಯಾಟಿನ ಗೀಸರ್ 230 ವೋಲ್ಟಲ್ಲಿ 13 ಆಂಪಿಯರ್ ಎಳೀತದೆ, ಲೂಸ್ ಸ್ಕ್ರೂನಲ್ಲಿ ಅಷ್ಟು ಕರೆಂಟ್ ಹೋದ್ರೆ ಬಿಸಿಯಾಗದೆ ಇರ್ತದಾ? ಅದರ ಮೇಲೆ ಅವರು ಹಾಕಿಸಿದ ಸ್ವಿಚ್ 10 ಆಂಪಿಯರಿದ್ದು. ಹಾಳಾದ ತುದಿ ಕಡಿದು, ಹೊಸದಾಗಿ ತಾಮ್ರ ಸುಲಿದು, 16 ಆಂಪಿಯರಿನ ಸ್ವಿಚ್ ಹಾಕಿ, ಸ್ಕ್ರೂ ಬಿಗಿ ಮಾಡಿದ್ದು ಅಷ್ಟೇ ರಿಪೇರಿ. ಕಡಲ ಬದಿಯವರು ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಗೀಸರ್, ಎಸಿ, ಪಂಪಿನ ಬೋರ್ಡುಗಳ ಸ್ಕ್ರೂ ಬಿಗಿ ಮಾಡಿಸಿ. ಆ್ಯಪಿನಲ್ಲಿ ಇನ್ನೊಂದು ನೋಡಿ, ಕರೆಂಟ್ ಹೋಗಿ ಬಂದಾಗ ಸ್ವಿಚ್ ಆಫ್ ಆಗಿಯೇ ಇರ್ಬೇಕು ಅನ್ನೋ ಸೆಟ್ಟಿಂಗ್ ಇರ್ತದೆ, ಗೀಸರಿಗೆ ಅದನ್ನೇ ಇಡಿ, ಇಲ್ಲದಿದ್ರೆ ಮಧ್ಯರಾತ್ರಿ ಕರೆಂಟ್ ಬಂದು ಯಾರೂ ಇಲ್ಲದ ಮನೆಯಲ್ಲಿ ನೀರು ಕಾಯ್ತಾ ಇರ್ತದೆ.

ಯಾವಾಗ ಹಾಳಾಗ್ತದೆ ಅಂತ ಒಂದು ವಾರ ಬರೆದಿಟ್ರೆ ಕಾರಣ ಅರ್ಧ ಅಲ್ಲೇ ಸಿಕ್ತದೆ. ಕರೆಂಟ್ ಹೋಗಿ ಇನ್ವರ್ಟರಿಗೆ ಬಂದಾಗ ಮಾತ್ರ ಮಾಡ್ಯೂಲ್ ಗುಂಯ್ ಅಂದು ಬಿಸಿಯಾದ್ರೆ ಅದು ಹಳೇ ಸ್ಕ್ವೇರ್ ವೇವ್ ಇನ್ವರ್ಟರಿನ ಕಾರಣ, ಸೈನ್ ವೇವ್ ಇನ್ವರ್ಟರಿಗೆ ಅದು ಇಲ್ಲ. ಜೋರು ಮಳೆ ಬಂದಾಗ ಮಾತ್ರ ಟ್ರಿಪ್ ಆದ್ರೆ ಹೊರಗಿನ ಗೇಟ್ ಲೈಟಿನ ಹೋಲ್ಡರಿಗೆ ನೀರು ಇಳೀತಾ ಉಂಟು. ಮನೆಯ ಅರ್ಧ ಲೈಟ್ ಪ್ರಖರ, ಇನ್ನರ್ಧ ಮಂದ, ಫ್ಯಾನ್ ಒಮ್ಮೆ ಜೋರು ಒಮ್ಮೆ ನಿಧಾನ ಅಂತ ಆದ್ರೆ ಮಾತ್ರ ತಡ ಮಾಡ್ಬೇಡಿ, ಮೂರು ಫೇಸಿನ ಮನೆಯಲ್ಲಿ ಅದು ಮೇನ್ ನ್ಯೂಟ್ರಲ್ ಕಡಿದ ಲಕ್ಷಣ, ಕೆಲವು ರೂಮಿಗೆ 300 ದಾಟಿ ವೋಲ್ಟ್ ಹೋಗ್ತಿರಬಹುದು, ಮೇನ್ ಇಳಿಸಿ ಆಮೇಲೆ ಯೋಚನೆ ಮಾಡಿ, ಮೀಟರಿಂದ ಆಚೆಯದ್ದಾದ್ರೆ ಕರೆಂಟಿನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಸಿಡಿಲಿನ ತಿಂಗಳುಗಳಲ್ಲಿ ಡಿಬಿಯಲ್ಲಿ ಸರ್ಜ್ ಪ್ರೊಟೆಕ್ಟರ್ ಇದ್ರೆ ಒಳ್ಳೇದು, ಅದಕ್ಕೂ ಅರ್ತಿಂಗ್ ಗಟ್ಟಿ ಇರ್ಬೇಕು.

ನಮ್ಮ ಮೆಟ್ಟಿಲಿಗೆ ಕೊನೆಗೆ ನ್ಯೂಟ್ರಲ್ ಎಳೆಸಿದೆ. ಇಲೆಕ್ಟ್ರಿಶಿಯನ್ ಮೇಲಿನ ಜಂಕ್ಷನ್ ಬಾಕ್ಸಿಂದ ಪೈಪಿನೊಳಗೆ ವಯರ್ ಎಳೆಯುವ ಸ್ಪ್ರಿಂಗ್ ಬಿಟ್ರು, ಅರ್ಧ ದಾರಿಯಲ್ಲಿ ನಿಂತಿತು, ಎಳೆದು ನೋಡಿದ್ರೆ ತುದಿಗೆ ಕಣಜದ ಮಣ್ಣಿನ ಗೂಡಿನ ಪುಡಿ. ಮೂರನೇ ಸಲ ಕೆಳಗಿನ ಬಾಕ್ಸಲ್ಲಿ ಸ್ಪ್ರಿಂಗಿನ ಮೂತಿ ಕಾಣ್ತು, ಅದಕ್ಕೆ ಹೊಸ ಕಪ್ಪು ವಯರ್ ಕಟ್ಟಿ ಇಬ್ರೂ ಎರಡು ಬದಿಯಿಂದ ಎಳೆದೆವು. ಹಳೇ ಕಪ್ಪು ವಯರಿನ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿದೆವು. ಮಾಡ್ಯೂಲಿನ ಜೊತೆ ಬಂದ ಟೂ-ವೇ ಚಿತ್ರದ ಪ್ರಕಾರ ಕನೆಕ್ಷನ್ ಕೊಟ್ಟು, ಮುಚ್ಚುವ ಮುಂಚೆ ಬಾಕ್ಸಿನ ಮುಚ್ಚಳದ ಒಳಬದಿಗೆ ಮಾರ್ಕರಲ್ಲಿ ಬರೆದೆ: ಕೆಂಪು ಟೇಪ್ ಇರೋದು ನ್ಯೂಟ್ರಲ್ ಅಲ್ಲ.